ಸಾಯುವೆನೆಂದವನ ಎದುರು ಕುಳಿತವರು

ಅಳುವ ಗಂಡಸನ್ನು ನಂಬಬಾರದು, ನಗುವ ಹೆಂಗಸನ್ನು ನಂಬಬಾರದು ಎಂಬ ಗಾದೆಯೊಂದು ನಮ್ಮಲ್ಲಿ ಉಂಟು. ಇಬ್ಬರನ್ನೂ ಒಂದೇ ಏಟಿಗೆ ಹೊಡೆದ ಗಾದೆ. ಅದರ ಎರಡನೆಯ ಅರ್ಧವನ್ನು ಖಂಡಿಸಿದವರು ಬೇಕಾದಷ್ಟು ಮಂದಿ ಇದ್ದಾರೆ, ಖಂಡಿಸಬೇಕಾದದ್ದೇ. ಮೊದಲನೆಯ ಅರ್ಧ ಮಾತ್ರ ಯಾರ ತಂಟೆಯೂ ಇಲ್ಲದೆ ಸುಖವಾಗಿ ಉಳಿದುಕೊಂಡಿದೆ. ಎಂಟು ವರ್ಷದ ಹುಡುಗ ಬಿದ್ದು ಮಂಡಿ ತರಚಿಕೊಂಡು ಅತ್ತರೆ, "ಏನೋ ಇದು, ಹುಡುಗಿಯ ಹಾಗೆ?" ಎನ್ನುವುದು ಇಂದಿಗೂ ನಮ್ಮ ಮನೆಗಳಲ್ಲಿ ಲಾಲನೆಯ ಮಾತೆಂದೇ ನಡೆಯುತ್ತದೆ.

ವೇದ ಸುಳ್ಳಾದರೂ ಗಾದೆ ಸುಳ್ಳಾಗದೆನ್ನುವವರು ಐದನೆಯ ವೇದವೆನ್ನಿಸಿಕೊಂಡ ಮಹಾಭಾರತವನ್ನು ಒಮ್ಮೆ ತೆರೆದು ನೋಡಬೇಕು. ಅಲ್ಲಿ ಗಂಡಸರು ಅಳುತ್ತಾರೆ. ಬದುಕು ಸಾಕೆನ್ನುತ್ತಾರೆ. ಸಾಕೆಂಬುದನ್ನು ಬಾಯಿಬಿಟ್ಟು ಹೇಳುತ್ತಾರೆ. ಹೇಳುವಾಗ ಅವರ ಎದುರಿಗೆ ಯಾರಾದರೊಬ್ಬರು ಇರುತ್ತಾರೆ. ಹೇಳಿದವನ ಮಾತಿನಲ್ಲಿ ರಸವೆಷ್ಟು, ಅಲಂಕಾರವೆಷ್ಟು ಎಂದು ನಮ್ಮ ವಿಮರ್ಶೆ ಅಳೆದಿದೆ. ಎದುರು ಕುಳಿತವನು ಏನು ಮಾಡಿದ, ಅವನ ಮಾತು ನಾಟಿತೆ, ನಾಟದಿದ್ದರೆ ಏಕೆ ನಾಟಲಿಲ್ಲ ಎಂದು ಕೇಳಿದ್ದು ಕಡಮೆ. ನಾನು ಇಲ್ಲಿ ಕೇಳಹೊರಟಿರುವುದು ಅಷ್ಟನ್ನೇ.

ಇದು ಪಂಡಿತರ ಕುತೂಹಲಕ್ಕೆ ಬಿಟ್ಟುಬಿಡಬಹುದಾದ ಪ್ರಶ್ನೆಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ಭಾರತದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು. ಅವರಲ್ಲಿ 1,22,724 ಮಂದಿ ಗಂಡಸರು. ಎಂದರೆ ನೂರಕ್ಕೆ ಎಪ್ಪತ್ತಕ್ಕೂ ಮೇಲೆ. ಕೃಷಿಯನ್ನು ನಂಬಿದವರಲ್ಲಿ ಈ ಅಂತರ ಇನ್ನೂ ಹೆಚ್ಚು: ಆ ವರ್ಷ ತೀರಿಕೊಂಡ 5,207 ರೈತರಲ್ಲಿ 4,999 ಮಂದಿ ಗಂಡಸರೇ. ಮಳೆ, ಸಾಲ, ಬೆಲೆ ಇವುಗಳ ಲೆಕ್ಕವನ್ನು ಅರ್ಥಶಾಸ್ತ್ರದವರು ಮಾಡಲಿ, ಮಾಡಿಯೂ ಇದ್ದಾರೆ. ಕನ್ನಡದ ಮೇಷ್ಟರಿಗೆ ದಕ್ಕುವುದು ಇದರ ಒಂದು ಅಂಚು ಮಾತ್ರ. ಇವರಲ್ಲಿ ಎಷ್ಟು ಮಂದಿಗೆ ತಮ್ಮ ಸಂಕಟವನ್ನು ಹೇಳಲು ಮಾತು ಇತ್ತು, ಎಷ್ಟು ಮಂದಿಯ ಎದುರು ಕುಳಿತು ಕೇಳಿದವರಿದ್ದರು?

ಮೊದಲು ಅರಣ್ಯಪರ್ವದ ಘೋಷಯಾತ್ರೆ. ಕಾಡಿನಲ್ಲಿದ್ದ ಪಾಂಡವರ ಮುಂದೆ ಮೆರೆಯಲು ಹೋದ ದುರ್ಯೋಧನ ಗಂಧರ್ವರ ಕೈಗೆ ಸಿಕ್ಕಿ, ಆ ಪಾಂಡವರಿಂದಲೇ ಬಿಡುಗಡೆ ಹೊಂದುತ್ತಾನೆ. ಹಸ್ತಿನಾವತಿಗೆ ಹಿಂದಿರುಗಿ ಹಿರಿಯರ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ ಎಂದು ಅವನು ದಾರಿಯಲ್ಲೇ ಕುಳಿತುಬಿಡುತ್ತಾನೆ. ನಾರುಮಡಿಯುಟ್ಟು, ಮೌನ ಹಿಡಿದು, ಅನ್ನ ಬಿಟ್ಟು ಸಾಯುವೆನೆನ್ನುತ್ತಾನೆ. ಹೆಸರಿಗೆ ಇದು ಪ್ರಾಯೋಪವೇಶ, ಒಳಗಿರುವುದು ಅವಮಾನ. (ಶ್ರವಣಬೆಳಗೊಳದ ಶಾಸನಗಳು ಹೇಳುವ ಸಲ್ಲೇಖನವನ್ನು ಇದರೊಡನೆ ಕಲಸಬಾರದು, ಅದರ ಮನೋಧರ್ಮವೇ ಬೇರೆ.) ರಾಜ್ಯವನ್ನು ನೀನು ಆಳು ಎಂದು ಅವನು ದುಶ್ಶಾಸನನಿಗೆ ಹೇಳುತ್ತಾನೆ. ದುಶ್ಶಾಸನ, ನಮ್ಮ ಯಕ್ಷಗಾನದ ಆ ಕೆಂಗಣ್ಣಿನ ದುಶ್ಶಾಸನ, ಅಣ್ಣನ ಕಾಲು ಹಿಡಿದು ಅಳುತ್ತಾನೆ. ವ್ಯಾಸರು ಅವನಿಗೆ ಕೊಟ್ಟ ಅತ್ಯಂತ ಮನುಷ್ಯ ಗಳಿಗೆ ಇದು.

ಆಮೇಲೆ ಬರುವವರೆಲ್ಲ ವಾದಿಸುವವರು. ಕರ್ಣ ವಾದಿಸುತ್ತಾನೆ: ರಾಜನ ನೆಲದಲ್ಲಿರುವವರು ರಾಜನನ್ನು ಬಿಡಿಸುವುದು ಅವರ ಕರ್ತವ್ಯ, ಅದರಲ್ಲಿ ಅವಮಾನವೇನು? ಶಕುನಿ, ಆಶ್ಚರ್ಯವೆಂದರೆ, ಎಲ್ಲರಿಗಿಂತ ಒಳ್ಳೆಯ ಸಲಹೆ ಕೊಡುತ್ತಾನೆ: ಪಾಂಡವರ ರಾಜ್ಯವನ್ನು ಅವರಿಗೆ ಕೊಟ್ಟು ನೆಮ್ಮದಿಯಾಗಿರು. ಯಾವುದೂ ನಾಟುವುದಿಲ್ಲ. ಕೊನೆಗೆ ರಾತ್ರಿ ದಾನವರು ಅವನನ್ನು ಪಾತಾಳಕ್ಕೆ ಕರೆಸಿಕೊಂಡು, ಮುಂದಿನ ಯುದ್ಧದಲ್ಲಿ ನಾವು ನಿನ್ನ ಪಕ್ಷವೆಂದು ಧೈರ್ಯ ಹೇಳುತ್ತಾರೆ. ಬೆಳಗಾಗುವಾಗ ಅದು ಅವನಿಗೆ ಕನಸಿನಂತೆ ತೋರುತ್ತದೆ. ಅದನ್ನು ಯಾರಿಗೂ ಹೇಳುವುದಿಲ್ಲ. ಅರ್ಜುನನನ್ನು ಕೊಲ್ಲುವೆನೆಂದು ಕರ್ಣ ಮಾತು ಕೊಟ್ಟ ಮೇಲೆ ಏಳುತ್ತಾನೆ. ಜೀವ ಉಳಿಯಿತು, ನಿಜ. ಆದರೆ ಅವನ ಅವಮಾನವನ್ನು ಯಾರೂ ಮುಟ್ಟಲಿಲ್ಲ. ಅದರ ಮೇಲೆ ಅದಕ್ಕಿಂತ ದೊಡ್ಡ ಸಿಟ್ಟೊಂದನ್ನು ಹೊರಿಸಿ ಎಬ್ಬಿಸಿದರು. ಕುಡಿಸಿ ಮರೆಸುವ, ಕೆಣಕಿ ಎಬ್ಬಿಸುವ ನಮ್ಮ ಊರಿನ ಗೆಳೆಯರೂ ಮಾಡುವುದು ಇದನ್ನೇ. ಅವರ ಪ್ರೀತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಕರ್ಣನ ಪ್ರೀತಿಯನ್ನು ಯಾರು ಅಲ್ಲಗಳೆದಾರು?

ಎರಡನೆಯದು ಎಲ್ಲರೂ ಬಲ್ಲ ಪ್ರಸಂಗ. ಎಲ್ಲರೂ ಬಲ್ಲೆವೆಂದುಕೊಂಡಿರುವುದರಿಂದಲೇ ಅದನ್ನು ನಿಧಾನವಾಗಿ ಓದಬೇಕು. ಭಗವದ್ಗೀತೆಯ ಮೊದಲನೆಯ ಅಧ್ಯಾಯಕ್ಕೆ ವಿಷಾದಯೋಗವೆಂದು ಹೆಸರು. ಅರ್ಜುನ ತನ್ನ ಸ್ಥಿತಿಯನ್ನು ಮೈಯಿಂದ ಆರಂಭಿಸಿ ಹೇಳುತ್ತಾನೆ: ಅಂಗಾಂಗ ಸಡಿಲುತ್ತಿದೆ, ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ಚರ್ಮ ಉರಿಯುತ್ತಿದೆ, ಗಾಂಡೀವ ಕೈಯಿಂದ ಜಾರುತ್ತಿದೆ, ತಲೆ ತಿರುಗುತ್ತಿದೆ. ಮನೋವೈದ್ಯರ ಮುಂದೆ ಕುಳಿತ ಯಾವ ರೋಗಿಯೂ ಇದಕ್ಕಿಂತ ಸ್ಪಷ್ಟವಾಗಿ ಹೇಳಲಾರ. ಅಧ್ಯಾಯದ ಕೊನೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ: ಆಯುಧವಿಲ್ಲದೆ, ಎದುರಿಸದೆ ನಿಂತ ತನ್ನನ್ನು ಧೃತರಾಷ್ಟ್ರನ ಮಕ್ಕಳು ಕೊಂದರೆ ಅದೇ ಲೇಸು ಎನ್ನುತ್ತಾನೆ. ಇದು ಸಾಯಬೇಕೆಂಬ ಮಾತು. ವ್ಯಾಖ್ಯಾನಗಳು ಇದನ್ನು ಅಹಿಂಸೆ, ಮೋಹ, ಕಾರ್ಪಣ್ಯ ಎಂದೆಲ್ಲ ಬಿಡಿಸುತ್ತ ಹೋದುದರಿಂದ ಸಾಯಬೇಕೆಂದ ಮನುಷ್ಯ ಎಲ್ಲಿಯೋ ಮರೆಯಾಗಿಬಿಟ್ಟ.

ಇದಕ್ಕೆ ಕೃಷ್ಣನ ಮೊದಲ ಉತ್ತರವೇನು? ಇದು ಆರ್ಯರಿಗೆ ತಕ್ಕುದಲ್ಲ, ಕ್ಲೈಬ್ಯಕ್ಕೆ ಒಳಗಾಗಬೇಡ, ಎದೆಯ ಕ್ಷುದ್ರ ದೌರ್ಬಲ್ಯವನ್ನು ಬಿಟ್ಟು ಏಳು. ಕ್ಲೈಬ್ಯವೆಂದರೆ ನಪುಂಸಕತನ. ಗಂಡಸಾಗು ಎಂದ ಹಾಗಾಯಿತು. ನಮ್ಮ ಮನೆಗಳಲ್ಲಿ ಅಪ್ಪ, ಚಿಕ್ಕಪ್ಪ, ದೊಡ್ಡಪ್ಪಂದಿರು ಆಡುವ ಮಾತು. ಇದರ ಫಲವೇನಾಯಿತೆಂಬುದನ್ನು ಮೂಲ ಬಚ್ಚಿಟ್ಟಿಲ್ಲ. ಅರ್ಜುನ ಏಳಲಿಲ್ಲ. ಇಂದ್ರಿಯಗಳನ್ನು ಒಣಗಿಸುತ್ತಿರುವ ಈ ದುಃಖವನ್ನು ಕಳೆಯುವಂಥದು ಯಾವುದೂ ನನಗೆ ಕಾಣುತ್ತಿಲ್ಲವೆಂದ, ಯುದ್ಧ ಮಾಡೆನೆಂದ, ಸುಮ್ಮನಾದ. ಸಾಕ್ಷಾತ್ ಕೃಷ್ಣನ ಬಾಯಿಂದ ಬಂದರೂ ಆ ಮಾತು ಹತ್ತಲಿಲ್ಲ. ಹತ್ತದಿದ್ದುದು ಒಂದು ಕಡೆಯಿರಲಿ, ಹೇಳುತ್ತಿದ್ದವನ ಬಾಯಿ ಕಟ್ಟಿತು.

ಅನಂತರ ಕೃಷ್ಣ ಮಾತಿನ ಧಾಟಿಯನ್ನು ಬದಲಾಯಿಸುತ್ತಾನೆ. ನಗುವವನಂತೆ, ಎಂದರೆ ಸಿಟ್ಟಿಲ್ಲದೆ, ಮಾತು ತೊಡಗುತ್ತಾನೆ. ಉಳಿದ ಹದಿನೇಳು ಅಧ್ಯಾಯಗಳಲ್ಲಿ ಅರ್ಜುನ ಮತ್ತೆ ಮತ್ತೆ ಅಡ್ಡ ಪ್ರಶ್ನೆ ಹಾಕಿದರೂ, ನನ್ನ ಬುದ್ಧಿಯನ್ನು ಗೊಂದಲಗೊಳಿಸುತ್ತಿದ್ದೀಯೆಂದು ಆಕ್ಷೇಪಿಸಿದರೂ ಬೇಸರಪಡುವುದಿಲ್ಲ. ಗೀತೆಯ ತಾತ್ಪರ್ಯ ಯುದ್ಧವೆ, ಯೋಗವೆ, ಭಕ್ತಿಯೆ ಎಂಬ ಚರ್ಚೆಗೆ ನಾನು ಇಲ್ಲಿ ಕೈಹಾಕಲಾರೆ. ನಾನು ನೋಡುತ್ತಿರುವುದು ಮಾತಿನ ಅನುಕ್ರಮವನ್ನು. ಛೀಮಾರಿ ಮೊದಲು ಬಂತು, ಸೋತಿತು. ಸಂವಾದ ಅನಂತರ ಬಂತು. ಗೀತಾಜಯಂತಿಯ ಭಾಷಣಗಳಲ್ಲಿ ನಮ್ಮ ಹಿರಿಯರು ಆ ಸೋತ ಶ್ಲೋಕವನ್ನೇ ಆರಿಸಿ ತೆಗೆದು ಯುವಕರಿಗೆ ಬೋಧಿಸುತ್ತಾರಲ್ಲ, ಅದರ ಮುಂದಿನ ಏಳು ಶ್ಲೋಕಗಳನ್ನು ಓದುವಷ್ಟು ವ್ಯವಧಾನ ಅವರಿಗೆ ಇಲ್ಲದೆ ಹೋಯಿತೆ?

ಮೂರನೆಯದು ಕರ್ಣಪರ್ವದ್ದು, ನನಗೆ ಇದು ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಹದಿನೇಳನೆಯ ದಿನ ಕರ್ಣನಿಂದ ಗಾಯಗೊಂಡು ಬಿಡಾರದಲ್ಲಿ ಮಲಗಿದ್ದ ಧರ್ಮರಾಜ, ಕರ್ಣ ಇನ್ನೂ ಸತ್ತಿಲ್ಲವೆಂದು ತಿಳಿದು, ನಿನ್ನ ಗಾಂಡೀವವನ್ನು ಬೇರೆಯವರಿಗೆ ಕೊಡು ಎಂದು ಅರ್ಜುನನನ್ನು ಹಳಿಯುತ್ತಾನೆ. ಹಾಗೆಂದವನನ್ನು ಕೊಲ್ಲುವೆನೆಂಬುದು ಅರ್ಜುನನ ಗುಟ್ಟಿನ ಪ್ರತಿಜ್ಞೆ. ಅವನು ಕತ್ತಿ ಹಿರಿಯುತ್ತಾನೆ. ಹಿರಿಯನನ್ನು ಏಕವಚನದಿಂದ ಕರೆದರೆ ಕೊಂದಂತೆಯೇ, ಹಾಗೆ ಮಾಡು, ಎಂದು ಕೃಷ್ಣ ತಡೆಯುತ್ತಾನೆ. ಅರ್ಜುನ ಅಣ್ಣನನ್ನು ಬೈದೂ ಬಿಡುತ್ತಾನೆ. ಬೈದ ಮೇಲೆ ಮೈಯೆಲ್ಲ ಕುಗ್ಗಿ, ಮತ್ತೆ ಕತ್ತಿಗೆ ಕೈಹಾಕುತ್ತಾನೆ.

ಇಲ್ಲಿ ಕೃಷ್ಣ ಮಾಡುವ ಮೊದಲ ಕೆಲಸ ಬಹಳ ಸಣ್ಣದು: ಮತ್ತೆ ಏಕೆ ಕತ್ತಿ ತೆಗೆದೆ ಎಂದು ಕೇಳುತ್ತಾನೆ. ಊಹಿಸಿಕೊಂಡು ಉಪದೇಶಕ್ಕೆ ತೊಡಗುವುದಿಲ್ಲ. ತಪ್ಪು ಮಾಡಿದ ಈ ಮೈಯನ್ನು ಕೊಂದುಕೊಳ್ಳುತ್ತೇನೆಂದು ಅರ್ಜುನ ಉತ್ತರ ಕೊಟ್ಟ ಮೇಲೆ, ನಿನ್ನ ಗುಣಗಳನ್ನು ನಿನ್ನ ಬಾಯಿಂದಲೇ ಹೇಳಿಕೊ, ಆತ್ಮಪ್ರಶಂಸೆಯೂ ಆತ್ಮವಧೆಯೇ, ಎನ್ನುತ್ತಾನೆ. ಅರ್ಜುನ ಹೇಳಿಕೊಳ್ಳುತ್ತಾನೆ. ಹೇಳಿ ಮುಗಿಸುವಷ್ಟರಲ್ಲಿ ಆಯುಧ ಕೈಯಿಂದ ಇಳಿದಿರುತ್ತದೆ.

ಹಳೆಯ ಪದ್ಧತಿಯ ಪಂಡಿತರು ಇದನ್ನು ಧರ್ಮಸೂಕ್ಷ್ಮವೆಂದು ಕೊಂಡಾಡಿದರು. ಹೊಸಬರು ಕೂದಲು ಸೀಳುವ ತರ್ಕವೆಂದು ನಕ್ಕರು. ಇಬ್ಬರೂ ಅರ್ಜುನನ ಕೈಯನ್ನು ನೋಡಲಿಲ್ಲ. ಕತ್ತಿ ಹಿಡಿದ ಕೈಯವನನ್ನು ಮಾತಿಗೆ ಎಳೆದು ಆ ಗಳಿಗೆಯನ್ನು ದಾಟಿಸಿದ್ದು ಕೃಷ್ಣನ ಜಾಣತನ. ಸಾಯಬೇಕೆಂಬ ತೀವ್ರ ಆವೇಗ ಅನೇಕ ವೇಳೆ ಸ್ವಲ್ಪ ಕಾಲದ್ದು. ಆ ಹೊತ್ತು ಕಳೆಯುವಂತೆ, ಸಾಧನ ಕೈಗೆ ಸಿಗದಂತೆ ಮಾಡಿದರೆ ಜೀವಗಳು ಉಳಿಯುತ್ತವೆಂದು ಈಗಿನ ಮನೋವೈದ್ಯರೂ ಹೇಳುತ್ತಾರೆ. ಸಾಯಬೇಕೆನ್ನಿಸುತ್ತಿದೆಯೆ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾದೀತೆಂದು ನಾವು ಅಂಜುತ್ತೇವೆ. ಆ ಅಂಜಿಕೆಗೆ ಆಧಾರವಿಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಕೇಳಿದರೆ ಹೇಳುವವನಿಗೆ ಹೊರೆ ಇಳಿಯುತ್ತದೆ.

ಪ್ರಸಂಗ ಅಲ್ಲಿಗೇ ಮುಗಿಯುವುದಿಲ್ಲ. ವ್ಯಾಸರ ಹಿರಿಮೆ ಅಲ್ಲಿದೆ. ಉಪಾಯವೆಂದು ಆಡಿಸಿದ ಬೈಗುಳ ಹಾಸಿಗೆಯಲ್ಲಿದ್ದವನ ಕಿವಿಗೆ ಬೈಗುಳವಾಗಿಯೇ ಬಿದ್ದಿತ್ತು. ಧರ್ಮರಾಜ ಎದ್ದು ಕುಳಿತು, ನನ್ನ ತಲೆ ಕತ್ತರಿಸು, ಇಲ್ಲವೆ ಕಾಡಿಗೆ ಹೋಗುತ್ತೇನೆ, ಭೀಮ ರಾಜನಾಗಲಿ, ಎನ್ನುತ್ತಾನೆ. ಒಬ್ಬನನ್ನು ಉಳಿಸುವ ಗಡಿಬಿಡಿಯಲ್ಲಿ ಮಗ್ಗುಲಲ್ಲಿದ್ದ ಇನ್ನೊಬ್ಬನ ಕಡೆ ನೋಡಿರಲಿಲ್ಲ. ಕೃಷ್ಣ ಅವನ ಕಾಲಿಗೆ ಬೀಳುತ್ತಾನೆ. ಅಣ್ಣ ತಮ್ಮಂದಿರು ತಬ್ಬಿಕೊಂಡು ಬಹಳ ಹೊತ್ತು ಅಳುತ್ತಾರೆ. ಕರ್ಣವಧೆ ಆಮೇಲೆ.

ಕನ್ನಡಕ್ಕೆ ಬಂದರೆ ರನ್ನನ ಗದಾಯುದ್ಧ ಇದೆ. ಸಂಜಯನ ಜೊತೆ ರಣಭೂಮಿಯಲ್ಲಿ ನಡೆಯುವ ದುರ್ಯೋಧನ ಒಂದೊಂದು ಹೆಣದ ಮುಂದೆಯೂ ನಿಂತು ಮಾತಾಡುತ್ತಾನೆ. ಮಗ ಲಕ್ಷಣಕುಮಾರನ ಮುಂದೆ, ಮಗನಿಂದ ಪಡೆಯಬೇಕಾಗಿದ್ದ ತರ್ಪಣವನ್ನು ತಾನೇ ಮಗನಿಗೆ ಕೊಡುವಂತಾಯಿತೆಂದು ಕೊರಗುತ್ತಾನೆ; ದುಶ್ಶಾಸನನ ಮುಂದೆ, ಎಲ್ಲದರಲ್ಲಿಯೂ ನಾನು ಮೊದಲು ನೀನು ಅನಂತರವಾಗಿದ್ದು ಸಾವಿನಲ್ಲಿ ಕ್ರಮ ತಪ್ಪಿತೆನ್ನುತ್ತಾನೆ. ಈ ಭಾಗವನ್ನು ಪಾಠ ಹೇಳುವಾಗ ಹಿಂದಿನ ಬೆಂಚಿನ ಹುಡುಗರು ಸಾಮಾನ್ಯವಾಗಿ ನಗುತ್ತಾರೆ, ಹುಡುಗಿಯರು ನಗುವುದಿಲ್ಲ. ಒಂದು ವರ್ಷ ಹಾಗೆ ನಕ್ಕವರಲ್ಲೇ ಒಬ್ಬ ಗಂಟೆ ಹೊಡೆದ ಮೇಲೆ ಬಳಿಗೆ ಬಂದು, "ಸಾರ್, ಸತ್ತವರ ಹತ್ತಿರ ಇಷ್ಟೊಂದು ಮಾತಾಡ್ತಾನೆ, ಬದುಕಿರೋ ಅಪ್ಪನ ಹತ್ತಿರ ಯಾಕೆ ಆಡೋದಿಲ್ಲ?" ಎಂದು ಕೇಳಿದ. ಗದಾಯುದ್ಧದ ಬಗ್ಗೆ ನಾನು ಓದಿದ ಪ್ರಬಂಧಗಳಲ್ಲಿ ಈ ಪ್ರಶ್ನೆ ಇರಲಿಲ್ಲ. ಉತ್ತರ ಕಾವ್ಯದಲ್ಲೇ ಇದೆ. ಧೃತರಾಷ್ಟ್ರ, ಗಾಂಧಾರಿ, ಶರಶಯ್ಯೆಯ ಭೀಷ್ಮ, ಎಲ್ಲರೂ ಸಂಧಿ ಮಾಡಿಕೊ ಎಂದು ಹೇಳುವವರು. ಅವರು ಹೇಳುವುದು ಸರಿಯೇ. ಆದರೆ ತಮ್ಮನನ್ನೂ ಕರ್ಣನನ್ನೂ ಕಳೆದುಕೊಂಡವನಿಗೆ ಬೇಕಾದದ್ದು ಬುದ್ಧಿವಾದವಲ್ಲ. ಹೆಣಗಳು ಮಾತ್ರ ಬುದ್ಧಿ ಹೇಳುವುದಿಲ್ಲ. ರನ್ನನ ಕರುಣರಸದ ಹಿಂದೆ ಈ ಕ್ರೂರವಾದ ಸತ್ಯ ಇದೆಯೆಂದು ನನಗೆ ತೋರುತ್ತದೆ.

ಇಲ್ಲಿಂದ ಕಾವ್ಯದ ಮಾತು ಬಿಟ್ಟು ಮನೆಯ ಮಾತಿಗೆ ಬರಬಹುದು. ನಮ್ಮ ಹಳ್ಳಿಗಳ ಹೆಂಗಸರಿಗೆ ಬೀಸುವ ಕಲ್ಲು ಇತ್ತು. ಬೆಳಗಿನ ಜಾವ ಕಲ್ಲಿನ ಮುಂದೆ ಕುಳಿತು ತವರಿನ ನೆನಪನ್ನೂ ಅತ್ತೆಯ ಮಾತನ್ನೂ ಮಗುವಿನ ಸಾವನ್ನೂ ತ್ರಿಪದಿಯಲ್ಲಿ ಹಾಡಿಕೊಂಡರು. ಸತ್ತಾಗ ಹಾಡಿ ಅಳುವ ಪದ್ಧತಿಯೂ ಅವರದೇ. ಹಾಡಿದ್ದರಿಂದ ದುಃಖ ತೀರಿತೆಂದು ನಾನು ಹೇಳುತ್ತಿಲ್ಲ. 2022ರ ಅದೇ ವರದಿಯಲ್ಲಿ 48,172 ಮಂದಿ ಹೆಂಗಸರಿದ್ದಾರೆ, ಅದು ಸಣ್ಣ ಸಂಖ್ಯೆಯಲ್ಲ. ಆದರೆ ಮಾತಿಗೆ ಒಂದು ರೂಪವಾದರೂ ಇತ್ತು. ಗಂಡಸಿಗೆ ಲಾವಣಿಯಿತ್ತು, ಕೋಲಾಟವಿತ್ತು, ಭಜನೆಯಿತ್ತು. ದೇವರ ಮುಂದೆ ನಿಂತು ನಾನು ಕೆಟ್ಟೆನೆನ್ನಲು ವಚನವೂ ಕೀರ್ತನೆಯೂ ಇದ್ದವು. ಇನ್ನೊಬ್ಬ ಮನುಷ್ಯನ ಮುಂದೆ, ತನ್ನ ಮನೆಯಲ್ಲಿ, ಕೆಲಸದ ನಡುವೆ, ನನ್ನಿಂದ ಆಗುತ್ತಿಲ್ಲವೆನ್ನಲು ಒಂದು ಪದ ಇರಲಿಲ್ಲ. ಹೊಸಗನ್ನಡದಲ್ಲಿ ಬೇಂದ್ರೆಯವರು ಮಗುವಿನ ಸಾವಿನ ಮೇಲೆ, ಗಂಡ ಹೆಂಡತಿಗೆ ಆಡುವ ಮಾತಾಗಿ ಬರೆದ ಕವನ ಅಷ್ಟೊಂದು ತಟ್ಟಿದ್ದಕ್ಕೆ ಇದೂ ಒಂದು ಕಾರಣವಿರಬೇಕು. ಆ ಗಂಡ ತನ್ನ ದುಃಖವನ್ನು ಬಿಗಿಹಿಡಿಯಲು ನೋಡುತ್ತಾನೆ, ಆಗುವುದಿಲ್ಲ, ಆಗುವುದಿಲ್ಲವೆಂಬುದು ಹೆಂಡತಿಗೆ ಗೊತ್ತಾಗುತ್ತದೆ.

ಮಾತಿಲ್ಲದ ಗಂಡಸನ್ನು ಕನ್ನಡದಲ್ಲಿ ಕಾರಂತರಷ್ಟು ಚೆನ್ನಾಗಿ ಯಾರೂ ಬರೆದಿಲ್ಲ. 'ಚೋಮನ ದುಡಿ' (1933) ಕಾದಂಬರಿಯ ಚೋಮನಿಗೆ ತುಂಡು ಭೂಮಿಯನ್ನು ಉಳುವ ಆಸೆ. ಹುಟ್ಟಿದ ಜಾತಿಯಿಂದಾಗಿ ಅದು ಈಡೇರದು. ಒಬ್ಬ ಮಗ ಜ್ವರದಿಂದ ಹೋಗುತ್ತಾನೆ, ಒಬ್ಬ ನೀರಿನಲ್ಲಿ, ದಡದ ಮೇಲಿದ್ದವರು ಮೈಲಿಗೆಗೆ ಹೆದರಿ ಮುಟ್ಟದೆ ನಿಂತಿರುವಾಗಲೇ, ಹೋಗುತ್ತಾನೆ. ಚೋಮ ಯಾರಿಗೂ ಏನೂ ಹೇಳುವುದಿಲ್ಲ. ಕುಡಿಯುತ್ತಾನೆ, ದುಡಿ ಬಾರಿಸುತ್ತಾನೆ, ಬಾರಿಸುತ್ತಲೇ ಸಾಯುತ್ತಾನೆ. ಅಸ್ಪೃಶ್ಯತೆಯ ಕ್ರೌರ್ಯದ ಕಥೆಯೆಂದು ನಾವು ಅದನ್ನು ಓದಿದ್ದೇವೆ, ಹಾಗೆ ಓದುವುದೇ ಸರಿ. ಚೋಮನನ್ನು ಕೊಂದದ್ದು ಅವನ ಮೌನವಲ್ಲ, ಊರು. ಅಷ್ಟು ಹೇಳಿದ ಮೇಲೂ ಒಂದು ವಿಷಯ ಉಳಿಯುತ್ತದೆ. ದುಡಿಯ ಸದ್ದು ರಾತ್ರಿಯೆಲ್ಲ ಕೇಳಿಸುತ್ತದೆ. ಅದನ್ನು ಕೇಳಿದವರು ಇಂದು ಚೋಮ ಕುಡಿದಿದ್ದಾನೆ ಎನ್ನುವರಲ್ಲದೆ ಇವನು ಏನನ್ನೋ ಹೇಳುತ್ತಿದ್ದಾನೆ ಎಂದು ಬಗೆಯುವುದಿಲ್ಲ. ಯಶವಂತ ಚಿತ್ತಾಲರ 'ಶಿಕಾರಿ' (1979) ಕಾದಂಬರಿಯ ನಾಗಪ್ಪ ಓದಿದವನು, ಮುಂಬಯಿಯ ದೊಡ್ಡ ಕಂಪನಿಯ ಅಧಿಕಾರಿ. ಅವನಿಗೆ ಮಾತು ಧಾರಾಳವಾಗಿದೆ. ನಂಬಿ ಹೇಳಬಹುದಾದ ಕಿವಿ ಯಾವುದೆಂಬುದು ಮಾತ್ರ ತಿಳಿಯದು.

ಈ ಕಿವುಡು ನಮ್ಮ ಪತ್ರಿಕೆಗಳ ಭಾಷೆಯಲ್ಲಿಯೂ ಸೇರಿಕೊಂಡಿದೆ. "ಜೀವನದಲ್ಲಿ ಜುಗುಪ್ಸೆಗೊಂಡು", "ಹೊಟ್ಟೆನೋವು ತಾಳಲಾರದೆ" ಎಂಬ ಎರಡು ಅಚ್ಚುಗಳಲ್ಲಿ ಎಷ್ಟು ಬದುಕುಗಳನ್ನು ಎರಕ ಹೊಯ್ದಿದ್ದೇವೆ! ಜುಗುಪ್ಸೆ ಭರತನ ಶಾಸ್ತ್ರದಲ್ಲಿ ಬೀಭತ್ಸರಸದ ಸ್ಥಾಯಿ, ಅಸಹ್ಯವೆಂದು ಅರ್ಥ. ಸಾಲಗಾರನಿಗೆ ಹೆದರಿದವನಲ್ಲಿಯೂ ನಿದ್ದೆ ಕಳೆದುಕೊಂಡವನಲ್ಲಿಯೂ ಇದ್ದದ್ದು ಅಸಹ್ಯವಲ್ಲ. ಹೊಟ್ಟೆನೋವಿನ ಕಥೆ ಬೇರೆ. ಆತ್ಮಹತ್ಯೆಯ ಪ್ರಯತ್ನ 1860ರ ದಂಡಸಂಹಿತೆಯ 309ನೆಯ ಕಲಮಿನಂತೆ ಶಿಕ್ಷಾರ್ಹವಾಗಿತ್ತು; ಪೊಲೀಸರ ಭಯ, ಸಂಬಂಧ ಕೆಟ್ಟೀತೆಂಬ ಭಯ, ಎರಡೂ ಸೇರಿ ಮನೆಯವರ ಬಾಯಿಗೆ ಹೊಟ್ಟೆನೋವನ್ನು ತಂದವು. 2017ರ ಮಾನಸಿಕ ಆರೋಗ್ಯ ಕಾಯಿದೆ ಅಂಥವನನ್ನು ತೀವ್ರ ಒತ್ತಡದಲ್ಲಿದ್ದವನೆಂದು ಭಾವಿಸಿ, ಶಿಕ್ಷೆಯ ಬದಲು ಆರೈಕೆ ಕೊಡುವುದು ಸರ್ಕಾರದ ಹೊಣೆಯೆಂದಿತು. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯಲ್ಲಿ ಆ ಹಳೆಯ ಕಲಮು ಇಲ್ಲ. ಸರ್ಕಾರಿ ಅಧಿಕಾರಿಯನ್ನು ಬಲವಂತಪಡಿಸಲು ಹಾಗೆ ಮಾಡಿದರೆ ಮಾತ್ರ ಅಪರಾಧ. ಕಾನೂನು ಬದಲಾಯಿತು, ವಾಕ್ಯ ಬದಲಾಗಿಲ್ಲ. ಎಲ್ಲಕ್ಕಿಂತ ನನ್ನನ್ನು ಚುಚ್ಚುವುದು "ಆತ್ಮಹತ್ಯೆಗೆ ಶರಣು" ಎಂಬ ತಲೆಬರಹ. ಶರಣು ಎಂಬ ಮಾತಿಗೆ ಕನ್ನಡದಲ್ಲಿ ಎಂಥ ಚರಿತ್ರೆ ಇದೆಯೆಂಬುದನ್ನು ಬಲ್ಲವರು, ಕಾಪಾಡುವವನ ಬಳಿಗೆ ಹೋಗುವ ಆ ಪದವನ್ನು ಸಾವಿಗೆ ಕೊಟ್ಟುಬಿಟ್ಟರೆ? ಆತ್ಮಹತ್ಯೆಯ ವರದಿಗಳನ್ನು ಹೇಗೆ ಬರೆಯಬೇಕೆಂದು ಭಾರತೀಯ ಪತ್ರಿಕಾ ಮಂಡಲಿ 2019ರಲ್ಲಿಯೇ ಸೂಚನೆಗಳನ್ನು ಒಪ್ಪಿಕೊಂಡಿದೆ. ಉಪಸಂಪಾದಕರ ಮೇಜಿಗೆ ಅವು ಎಷ್ಟರಮಟ್ಟಿಗೆ ತಲಪಿವೆಯೋ ದಿನಪತ್ರಿಕೆ ಬಿಡಿಸಿದವರಿಗೆ ತಿಳಿದೇ ಇದೆ.

ಎದುರು ಕುಳಿತು ಕೇಳುವುದು ಔಷಧಕ್ಕೆ ಬದಲಲ್ಲ. ಚಿಕಿತ್ಸೆ ಬೇಕಾದವರಿಗೆ ಚಿಕಿತ್ಸೆಯೇ ಬೇಕು. ಬೆಂಗಳೂರಿನ ನಿಮ್ಹಾನ್ಸೂ ಧಾರವಾಡದ ಸಂಸ್ಥೆಯೂ ಇರುವುದು ಅದಕ್ಕೆ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಸರ್ಕಾರದ ದೂರವಾಣಿ ನೆರವು ನಡೆಯುತ್ತಿದೆ. 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ಮುಖ ಕಾಣದ ಕಿವಿಯಾದರೆ ಕೆಲವು ಗಂಡಸರು ಬಾಯಿ ಬಿಟ್ಟಾರು.

ಬಾಯಿ ಬಿಟ್ಟಾಗ ಅವರು ಏನೆನ್ನುತ್ತಾರೆ ಎಂಬುದು ನಮ್ಮಂಥವರ ಕೆಲಸ. ಖಿನ್ನತೆ ಎಂಬ ಪದ ಪಠ್ಯಪುಸ್ತಕದ್ದು. ಅದನ್ನು ತನ್ನ ಬಗ್ಗೆ ಬಳಸಿದ ರೈತನನ್ನು ನಾನು ಕಂಡಿಲ್ಲ. ನಿದ್ದೆ ಹತ್ತೋದಿಲ್ಲ, ತಲೆ ಭಾರ, ಕೈಕಾಲು ಸೋತುಹೋಗ್ತವೆ, ಯಾಕೋ ಏನೂ ಬ್ಯಾಡ ಅನ್ನಿಸ್ತದೆ, ಮನಸ್ಸಿಗೆ ಬ್ಯಾಸರ. ಅವನ ಮಾತು ಇವು, ಅರ್ಜುನನ ಹಾಗೆಯೇ ಮೈಯಿಂದ ಆರಂಭವಾಗುವ ಮಾತು. ನಿಮ್ಹಾನ್ಸಿನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮಾನಸಿಕ ಕಾಯಿಲೆಗಳನ್ನು ಗುರುತಿಸುವ ತರಬೇತಿ ಕೊಟ್ಟರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ತಲೆನೋವಿನ ಗುಳಿಗೆ ಕೇಳಲು ಬಂದವನನ್ನು ಇನ್ನೊಂದು ಪ್ರಶ್ನೆ ಕೇಳಲು ವೈದ್ಯನಿಗೆ ಬೇಕಾಗುವುದು ಆ ಮಾತುಗಳ ಪರಿಚಯ. ಸೀಮೆಗೆ ಸೀಮೆಗೆ ಬೇರೆಯಾಗುವ ಇಂಥ ಮಾತುಗಳನ್ನು ಕಾದಂಬರಿಗಳಿಂದ, ಪದಗಳಿಂದ, ಸಂತೆಯಿಂದ, ಆಸ್ಪತ್ರೆಯ ಜಗಲಿಯಿಂದ ಕೂಡಿಹಾಕುವ ಕೆಲಸಕ್ಕೆ ನಮ್ಮ ಕನ್ನಡ ವಿಭಾಗಗಳು ಕೈಹಾಕಬಹುದು. ಬ್ಯಾಸರ ಎಂಬ ಒಂದು ಪದಕ್ಕೇ, ಧಾರವಾಡದಿಂದ ರಾಯಚೂರಿನವರೆಗೆ ಹೋದರೆ, ಎಷ್ಟು ಅರ್ಥಗಳು ಸಿಕ್ಕಾವೋ.